ಕಾರ್ಪೆಂಟರ್ ಮನೆತನದ ಜರ್ಮನ್ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇದ್ದೇನೆ. ಗಂಡನ ಮನೆತನದ ಹೆಸರು ಕಾರ್ಪೆಂಟರ್. ಅವರ ಮುತ್ತಜ್ಜನ ಅಪ್ಪ ಫ್ರೆಡ್ ಅನ್ನುವವರು 1882ರ ಸುಮಾರಿಗೆ ಜರ್ಮನಿಯಿಂದ ಬಂದರಂತೆ. ಮೂಲ ಹೆಸರು ತ್ಸಿಮ್ಮರ್‌ಮಾನ್ ಇತ್ತು, ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣೆ ಕೇಂದ್ರವಾದ ಎಲ್ಲಿಸ್ ಐಲೆಂಡ್‌ನಲ್ಲಿ ಅಧಿಕಾರಿಯೊಬ್ಬ ಅದನ್ನು ಕಾರ್ಪೆಂಟರ್ ಎಂದು ಬರೆದುಬಿಟ್ಟ ಎಂದು ಮನೆಯಲ್ಲಿ ಹೇಳುತ್ತಾರೆ. ಸಮಾಧಿ ಕಲ್ಲಿನ ಮೇಲೆ ಹುಟ್ಟಿದ್ದು ಪ್ರಷ್ಯಾ (ಆಗಿನ ಜರ್ಮನಿಯ ದೊಡ್ಡ ರಾಜ್ಯ) ಎಂದಷ್ಟೇ ಇದೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಸಾವಿರಾರು ತ್ಸಿಮ್ಮರ್‌ಮಾನ್‌ಗಳು ಸಿಗುತ್ತಾರೆ. ನಮ್ಮವರು ಯಾರು ಎಂದು ಕಂಡುಹಿಡಿಯುವುದು ಹೇಗೆ? ಇನ್ನೊಂದು ಪ್ರಶ್ನೆ: ಊರು ಸಿಕ್ಕರೆ ಮಗಳಿಗೆ ಜರ್ಮನ್ ಪಾಸ್‌ಪೋರ್ಟ್ ಸಿಗುತ್ತದೆಯೇ?

ಉತ್ತರ: ಮೊದಲು ಎಲ್ಲಿಸ್ ಐಲೆಂಡ್ ಕಥೆಯನ್ನು ಬದಿಗಿಡಿ. ಜರ್ಮನ್ ಮೂಲದ ಅಮೆರಿಕನ್ ಮನೆಗಳಲ್ಲಿ ಇದು ತುಂಬಾ ಸಾಮಾನ್ಯವಾದ ಕಥೆ. ನಿಮ್ಮ ವಿಷಯದಲ್ಲಂತೂ ಅದು ಸಾಧ್ಯವೇ ಇಲ್ಲ. ಎಲ್ಲಿಸ್ ಐಲೆಂಡ್ ಶುರುವಾದದ್ದು 1892ರ ಜನವರಿ 1ರಂದು. ನಿಮ್ಮವರು ಬಂದದ್ದು ಅದಕ್ಕೂ ಹತ್ತು ವರ್ಷ ಮೊದಲು. ಆಗ ನ್ಯೂಯಾರ್ಕ್‌ಗೆ ಬಂದವರು ಇಳಿಯುತ್ತಿದ್ದದ್ದು ಮ್ಯಾನ್‌ಹಟನ್ ತುದಿಯ ಕ್ಯಾಸಲ್ ಗಾರ್ಡನ್‌ನಲ್ಲಿ. ಅವರು ನ್ಯೂಯಾರ್ಕ್‌ಗೇ ಬಂದರು ಎಂದೂ ಅಂದುಕೊಳ್ಳಬೇಡಿ. ಬ್ರೆಮೆನ್‌ನ ನಾರ್ತ್ ಜರ್ಮನ್ ಲಾಯ್ಡ್ ಹಡಗು ಕಂಪನಿಗೂ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಗೂ 1860ರ ದಶಕದಲ್ಲೇ ಒಪ್ಪಂದವಾಗಿತ್ತು. ಬಾಲ್ಟಿಮೋರ್‌ನ ಲೋಕಸ್ಟ್ ಪಾಯಿಂಟ್‌ನಲ್ಲಿ ಹಡಗು ಇಳಿದು, ಅಲ್ಲೇ ರೈಲು ಹತ್ತಿ ಒಹಾಯೊ ಕಡೆಗೆ ಹೋದ ಜರ್ಮನ್ನರು ಬಹಳ ಜನ. ಹಾಗಾಗಿ ಎರಡೂ ಬಂದರುಗಳ ಪಟ್ಟಿ ನೋಡಬೇಕು.

ಬಂದರಿನ ಅಧಿಕಾರಿಗಳು ಹೆಸರು ಬದಲಾಯಿಸುತ್ತಲೂ ಇರಲಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದವರು ಹಡಗು ಕಂಪನಿಯವರು. ಅಮೆರಿಕದ ಅಧಿಕಾರಿ ತನ್ನ ಮುಂದೆ ಬಂದವರನ್ನು ಆ ಪಟ್ಟಿಗೆ ಹೋಲಿಸಿ ನೋಡುತ್ತಿದ್ದ, ಅಷ್ಟೇ. ಇದು ನಿಮಗೆ ಒಳ್ಳೆಯ ಸುದ್ದಿಯೇ. ಹಡಗಿನ ಪಟ್ಟಿಯಲ್ಲಿ ಅವರ ಹಳೆಯ ಜರ್ಮನ್ ಹೆಸರೇ ಇರುವ ಸಾಧ್ಯತೆ ಜಾಸ್ತಿ.

ಹಾಗಾದರೆ ಬದಲಾಯಿಸಿದ್ದು ಯಾರು? ಹೆಚ್ಚಿನ ಸಲ ಅವರೇ, ಇಲ್ಲವೇ ಅವರ ಮಕ್ಕಳು. ಆಗಿನ ಅಮೆರಿಕದಲ್ಲಿ ಹೆಸರು ಬದಲಾಯಿಸಲು ಕೋರ್ಟಿಗೆ ಹೋಗಲೇಬೇಕು ಅಂತೇನೂ ಇರಲಿಲ್ಲ. ಮೋಸದ ಉದ್ದೇಶ ಇಲ್ಲದಿದ್ದರೆ ಹೊಸ ಹೆಸರು ಹೇಳಿಕೊಂಡು ಬದುಕಿದರೆ ಸಾಕು, ಅದೇ ಹೆಸರಾಗುತ್ತಿತ್ತು. ಅದಕ್ಕೇ ಜನ ವರ್ಷಗಟ್ಟಲೆ 'ಹೆಸರು ಬದಲಾವಣೆಯ ದಾಖಲೆ' ಹುಡುಕಿ ಸುಸ್ತಾಗುತ್ತಾರೆ. ಅಂಥ ಕಾಗದ ಹುಟ್ಟಿಯೇ ಇರುವುದಿಲ್ಲ.

ಬದಲಾವಣೆ ಎರಡು ದಾರಿಯಲ್ಲಿ ಆಗುತ್ತಿತ್ತು. ಒಂದು, ಕಿವಿಗೆ ಕೇಳಿದಂತೆ ಬರೆಯುವುದು. ಷ್ನೈಡರ್ ಹೋಗಿ ಸ್ನೈಡರ್, ಯೇಗರ್‌ನ ಮೊದಲ ಅಕ್ಷರ ಜೆ ಹೋಗಿ ವೈ, ಹೂಬರ್ ಹೋಗಿ ಹೂವರ್. ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಪೂರ್ವಜರು 1738ರಲ್ಲಿ ಬಂದಾಗ ಹೂಬರ್ ಆಗಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಿರುದ್ಧ ಅಮೆರಿಕದ ಸೇನೆ ನಡೆಸಿದ ಜನರಲ್ ಪರ್ಶಿಂಗ್ ಅವರ ಮನೆತನವೂ ಮೂಲದಲ್ಲಿ ಫ್ಯೋರ್ಶಿನ್! ಇನ್ನೊಂದು ದಾರಿ ಅರ್ಥ ಹಿಡಿದು ಬದಲಾಯಿಸುವುದು. ಷ್ವಾರ್ತ್ಸ್ ಬ್ಲ್ಯಾಕ್ ಆಗುತ್ತದೆ, ಕ್ಯೋನಿಗ್ ಕಿಂಗ್ ಆಗುತ್ತದೆ, ಫೊಯರ್‌ಸ್ಟೈನ್ ಫೈರ್‌ಸ್ಟೋನ್ ಆಗುತ್ತದೆ. ಕೆಲವರು ಅರ್ಧಂಬರ್ಧ ಬದಲಾಯಿಸಿದರು. ಪಿಯಾನೊ ತಯಾರಿಸುವ ಸ್ಟೈನ್‌ವೆಗ್ ಕುಟುಂಬ 1850ರಲ್ಲಿ ನ್ಯೂಯಾರ್ಕ್‌ಗೆ ಬಂತು. 1853ರಲ್ಲಿ ಕಂಪನಿ ಶುರುವಾದಾಗ 'ಸ್ಟೈನ್' ಹಾಗೇ ಉಳಿದು 'ವೆಗ್' ಮಾತ್ರ 'ವೇ' ಆಗಿತ್ತು. ವ್ಯಾಪಾರಕ್ಕೆ ಯಾವುದು ಅನುಕೂಲವೋ ಅದು.

ನಿಮ್ಮ ಕಾರ್ಪೆಂಟರ್ ಎರಡನೇ ಗುಂಪಿನದು. ತೊಡಕು ಇರುವುದೂ ಇಲ್ಲೇ. ಕಾರ್ಪೆಂಟರ್ ಎಂದರೆ ತ್ಸಿಮ್ಮರ್‌ಮಾನ್ ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಜರ್ಮನಿಯಲ್ಲಿ ಮರಗೆಲಸದ ಹೆಸರು ಒಂದೇ ಅಲ್ಲ. ತ್ಸಿಮ್ಮರ್‌ಮಾನ್ ಮನೆಯ ಚೌಕಟ್ಟು, ಛಾವಣಿ ಕಟ್ಟುವವನು. ಮೇಜು ಕುರ್ಚಿ ಮಾಡುವವನನ್ನು ದಕ್ಷಿಣ ಮತ್ತು ಪಶ್ಚಿಮದಲ್ಲಿ ಷ್ರೈನರ್ ಎನ್ನುತ್ತಾರೆ, ಉತ್ತರ ಮತ್ತು ಪೂರ್ವದಲ್ಲಿ ಟಿಷ್ಲರ್ ಎನ್ನುತ್ತಾರೆ. ಇವು ಮೂರೂ ಮನೆತನದ ಹೆಸರುಗಳೇ. ಉತ್ತರದ ಸಮುದ್ರ ತೀರದ ಕಡೆ ತ್ಸಿಮ್ಮರ್‌ಮಾನ್‌ನ ರೂಪ ಟಿಮ್ಮರ್‌ಮಾನ್. ಆಗಿನ ಪ್ರಷ್ಯಾದಲ್ಲಿ ಪೋಲಿಷ್ ಮಾತಾಡುವವರೂ ಲಕ್ಷಾಂತರ ಇದ್ದರು. ಅವರಲ್ಲಿ ಬಡಗಿಗೆ ಚೆಶ್ಲಾ ಎನ್ನುವ ಹೆಸರಿದೆ. ಇವರಲ್ಲಿ ಯಾರು ಬೇಕಾದರೂ ಒಹಾಯೊದಲ್ಲಿ ಕಾರ್ಪೆಂಟರ್ ಆಗಿರಬಹುದು. ಮನೆಯವರು ಹೇಳುವ ತ್ಸಿಮ್ಮರ್‌ಮಾನ್ ನಿಜವಿರಬಹುದು. ಯಾರೋ ಮೊಮ್ಮಗ ಡಿಕ್ಷನರಿ ನೋಡಿ ಊಹಿಸಿದ್ದೂ ಇರಬಹುದು. ಸದ್ಯಕ್ಕೆ ಅದನ್ನು ಸುಳಿವು ಎಂದು ಇಟ್ಟುಕೊಳ್ಳಿ, ಉತ್ತರ ಎಂದಲ್ಲ.

ನನ್ನ ಸಲಹೆ ಇಷ್ಟು: ಹೆಸರನ್ನು ಹುಡುಕಬೇಡಿ, ಮನುಷ್ಯನನ್ನು ಹುಡುಕಿ. ಹೆಸರು ಬದಲಾಗಬಹುದು, ಆದರೆ ಹೆಂಡತಿ ಬದಲಾಗುವುದಿಲ್ಲ, ಮಕ್ಕಳ ವಯಸ್ಸು ಬದಲಾಗುವುದಿಲ್ಲ, ಬೀದಿ, ಚರ್ಚು, ಕಸುಬು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಇವೆಲ್ಲ ಸೇರಿಸಿ ಹಿಡಿದರೆ ಹೆಸರು ತಾನಾಗಿ ಬರುತ್ತದೆ.

ಜನಗಣತಿಯಿಂದ ಶುರುಮಾಡಿ. 1920, 1910, 1900, ಹೀಗೆ ಹಿಂದಕ್ಕೆ ನಡೆಯಿರಿ. 1900ರ ಗಣತಿ ಚಿನ್ನದಂಥದ್ದು. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಅಮೆರಿಕಕ್ಕೆ ಬಂದ ವರ್ಷ, ಪೌರತ್ವ ಸಿಕ್ಕಿದೆಯೇ, ಎಲ್ಲ ಕೇಳಿದ್ದಾರೆ. 1890ರ ಗಣತಿಯ ಆಸೆ ಬಿಡಿ. 1921ರ ಬೆಂಕಿಯ ನಂತರ ಅದರಲ್ಲಿ ಉಳಿದದ್ದು ಚೂರುಪಾರು. ಆ ಹಳ್ಳ ದಾಟಲು ಸಿಟಿ ಡೈರೆಕ್ಟರಿಗಳಿವೆ. ಸಿನ್ಸಿನಾಟಿಯಂಥ ಊರಲ್ಲಿ ಅವು ವರ್ಷ ವರ್ಷ ಅಚ್ಚಾಗುತ್ತಿದ್ದವು. ಹೆಸರು, ಕಸುಬು, ವಿಳಾಸ ಇರುತ್ತದೆ. ಒಂದೇ ವಿಳಾಸವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ. ಒಂದು ವರ್ಷ ಅಲ್ಲಿ ಕಾರ್ಪೆಂಟರ್ ಇದ್ದು, ಹಿಂದಿನ ವರ್ಷ ಅದೇ ಮನೆಯಲ್ಲಿ ಅದೇ ಕಸುಬಿನ ಸಿಮ್ಮರ್‌ಮನ್ ಇದ್ದರೆ? ನಿಮ್ಮ ಅರ್ಧ ಕೆಲಸ ಮುಗಿಯಿತು.

ಬದಲಾವಣೆ ಯಾವಾಗ ಆಯಿತು ಎನ್ನುವುದೂ ಮುಖ್ಯ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕೆ ಇಳಿಯಿತು. ಆಮೇಲೆ ಜರ್ಮನ್ ಹೆಸರು ಇಟ್ಟುಕೊಳ್ಳುವುದೇ ಕಷ್ಟವಾಯಿತು. ನಿಮ್ಮ ಊರಲ್ಲೇ ನೋಡಿ, ಓವರ್ ದ ರೈನ್ ಬಡಾವಣೆಯ ಬ್ರೆಮೆನ್ ಸ್ಟ್ರೀಟ್ 1918ರಲ್ಲಿ ರಿಪಬ್ಲಿಕ್ ಸ್ಟ್ರೀಟ್ ಆಯಿತು. 1919ರಲ್ಲಿ ಒಹಾಯೊ ಶಾಲೆಗಳಲ್ಲಿ ಎಂಟನೇ ತರಗತಿಗಿಂತ ಕೆಳಗೆ ಜರ್ಮನ್ ಕಲಿಸುವುದನ್ನೇ ನಿಷೇಧಿಸಿದರು. ಬ್ರಿಟನ್ನಿನ ರಾಜಮನೆತನವೂ 1917ರಲ್ಲೇ ಜರ್ಮನ್ ಹೆಸರು ಬಿಟ್ಟು ವಿಂಡ್ಸರ್ ಆಯಿತು. ಅವರ ನೆಂಟರಾದ ಬ್ಯಾಟನ್‌ಬರ್ಗ್‌ಗಳು ಮೌಂಟ್‌ಬ್ಯಾಟನ್ ಆದರು. ರಾಜರೇ ಹೀಗೆ ಮಾಡಿದರೆ ಸಿನ್ಸಿನಾಟಿಯ ಬಡಗಿಯ ಮಕ್ಕಳು ಏನು ಮಾಡಿಯಾರು? 1910ರ ಗಣತಿಯಲ್ಲಿ ಕುಟುಂಬ ಕಾರ್ಪೆಂಟರ್ ಹೆಸರಲ್ಲಿ ಸಿಗದಿದ್ದರೆ, 1920ರಲ್ಲಿ ಸಿಕ್ಕರೆ, ಬದಲಾವಣೆ ಯುದ್ಧದ ಕಾಲದ್ದು ಎಂದು ಅನುಮಾನಿಸಬಹುದು. ಆಗ ಫ್ರೆಡ್ ಅವರ ಅಮೆರಿಕದ ಬದುಕಿನ ಮೊದಲ ಮೂವತ್ತೈದು ವರ್ಷದ ದಾಖಲೆಗಳೆಲ್ಲ ಜರ್ಮನ್ ಹೆಸರಲ್ಲೇ ಇರುತ್ತವೆ. ಸಮಾಧಿ ಕಲ್ಲು ನೋಡಿ ಎಲ್ಲವನ್ನೂ ಕಾರ್ಪೆಂಟರ್ ಎಂದು ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ.

ಈಗ ಮರಣ ಪತ್ರ. ಒಹಾಯೊ ರಾಜ್ಯ 1908ರ ಡಿಸೆಂಬರ್ 20ರಿಂದ ಮರಣ ಪತ್ರಗಳನ್ನು ಇಟ್ಟಿದೆ. 1953ರವರೆಗಿನವು ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಅವರು ಹುಟ್ಟಿದ ಜಾಗ ಇರುತ್ತದೆ. ಫ್ರೆಡ್ ಅವರದ್ದಷ್ಟೇ ಅಲ್ಲ, ಎಲ್ಲ ಮಕ್ಕಳದ್ದೂ ತೆಗೆಯಿರಿ. ಅಣ್ಣ ತಮ್ಮ ಅಕ್ಕ ತಂಗಿ ಇದ್ದರೆ ಅವರದ್ದೂ ತೆಗೆಯಿರಿ. ಒಬ್ಬ ತಮ್ಮ ಕಾರ್ಪೆಂಟರ್ ಆಗದೆ ತ್ಸಿಮ್ಮರ್‌ಮಾನ್ ಆಗಿಯೇ ಸತ್ತಿರಬಹುದು. ಗಂಡನ ಮನೆಗೆ ಹೋದ ತಂಗಿಯ ಪತ್ರದಲ್ಲಿ ಅಪ್ಪನ ಹೆಸರು ಹಳೆಯ ರೂಪದಲ್ಲೇ ಇರಬಹುದು. ಒಂದು ಎಚ್ಚರಿಕೆ ಮಾತ್ರ ಇರಲಿ. ಈ ಮಾಹಿತಿ ಕೊಟ್ಟವರು ದುಃಖದಲ್ಲಿದ್ದ ಮಗನೋ ಸೊಸೆಯೋ ಆಗಿರುತ್ತಾರೆ. ಅತ್ತೆಯ ತವರು ಹೆಸರು ಎಷ್ಟು ಸೊಸೆಯಂದಿರಿಗೆ ಸರಿಯಾಗಿ ಗೊತ್ತಿರುತ್ತದೆ, ಅಲ್ವಾ?

ಪೌರತ್ವದ ಕಾಗದದ ಮೇಲೆ ಜನ ಬಹಳ ಆಸೆ ಇಟ್ಟಿರುತ್ತಾರೆ. 1906ರ ಸೆಪ್ಟೆಂಬರ್ ನಂತರದ್ದಾದರೆ ಆಸೆ ಇಡಬಹುದು. ಆಗ ದೇಶಕ್ಕೆಲ್ಲ ಒಂದೇ ನಮೂನೆ ಬಂತು, ಹುಟ್ಟಿದ ಊರು, ಬಂದ ಹಡಗು ಎಲ್ಲ ಕೇಳತೊಡಗಿದರು. ಅದಕ್ಕೂ ಹಿಂದೆ ಒಹಾಯೊದಲ್ಲಿ ಹೆಚ್ಚಾಗಿ ಕೌಂಟಿಯ (ಜಿಲ್ಲೆಯ) ಪ್ರೊಬೇಟ್ ಕೋರ್ಟೇ, ಅಂದರೆ ಉಯಿಲು ನೋಡುವ ಕೋರ್ಟೇ ಪೌರತ್ವ ಕೊಡುತ್ತಿತ್ತು. ಆ ಕಾಗದದಲ್ಲಿ 'ಜರ್ಮನಿಯ ಚಕ್ರವರ್ತಿಗೆ ಇದ್ದ ನಿಷ್ಠೆ ಬಿಟ್ಟಿದ್ದೇನೆ' ಎಂದು ಬರೆದಿರುತ್ತದೆಯೇ ಹೊರತು ಊರು ಇರುವುದು ಅಪರೂಪ. ಆದರೂ ಒಮ್ಮೆ ತೆಗೆಸಿ. ಅವರ ಕೈಬರಹದ ಸಹಿ ಸಿಕ್ಕರೆ ಅದೇ ದೊಡ್ಡದು. ಗುಮಾಸ್ತ ಏನು ಬೇಕಾದರೂ ಬರೆದಿರಲಿ, ಅವರು ತಮ್ಮ ಹೆಸರನ್ನು ಹೇಗೆ ಬರೆದರು ಎನ್ನುವುದು ಕಣ್ಣಿಗೇ ಕಾಣುತ್ತದೆ.

ನನ್ನ ನಂಬಿಕೆ ಜಾಸ್ತಿ ಇರುವುದು ಚರ್ಚಿನ ಪುಸ್ತಕದ ಮೇಲೆ. ಸರಕಾರಿ ಗುಮಾಸ್ತನಿಗೆ ಪ್ರಷ್ಯಾ ಎಂದರೆ ಸಾಕಿತ್ತು. ಜರ್ಮನ್ ಪಾದ್ರಿಗೆ ಸಾಕಾಗುತ್ತಿರಲಿಲ್ಲ. ಅವನಿಗೆ ಹೆಸರಿನ ಸರಿಯಾದ ಕಾಗುಣಿತ ಗೊತ್ತು, ಊರುಗಳೂ ಗೊತ್ತು. ಮದುವೆಯ ಅಥವಾ ಮರಣದ ಸಾಲಿನಲ್ಲಿ ಇಂಥ ಹಳ್ಳಿಯವನು ಎಂದು ಬರೆದಿಡುವುದು ವಾಡಿಕೆಯಾಗಿತ್ತು. ಆದ್ದರಿಂದ ಮದುವೆ ಮಾಡಿಸಿದ ಪಾದ್ರಿ ಯಾರು ಎಂದು ಕೌಂಟಿಯ ಮದುವೆ ದಾಖಲೆಯಲ್ಲಿ ನೋಡಿ. ಅವನು ಯಾವ ಚರ್ಚಿನವನು ಎಂದು ಸಿಟಿ ಡೈರೆಕ್ಟರಿಯಲ್ಲಿ ಸಿಗುತ್ತದೆ. ಲುಥೆರನ್, ರಿಫಾರ್ಮ್ಡ್, ಕ್ಯಾಥೊಲಿಕ್, ಯಾವುದು ಎನ್ನುವುದು ಮುಂದೆ ಜರ್ಮನಿಯಲ್ಲೂ ಬೇಕಾಗುತ್ತದೆ. ಚರ್ಚು ಮುಚ್ಚಿದ್ದರೆ ಪುಸ್ತಕಗಳು ಆ ಪಂಥದ ಸಂಗ್ರಹಾಲಯಕ್ಕೆ ಹೋಗಿರುತ್ತವೆ. ಮಕ್ಕಳ ಜ್ಞಾನಸ್ನಾನದ ಸಾಲಿನಲ್ಲಿ ಸಾಕ್ಷಿಯಾಗಿ ನಿಂತವರ ಹೆಸರನ್ನೂ ಬಿಡಬೇಡಿ. ಅವರು ಸುಮ್ನೆ ನಿಂತವರಲ್ಲ. ಚಿಕ್ಕಪ್ಪ, ಸೋದರತ್ತೆ, ಒಂದೇ ಊರಿನ ಗೆಳೆಯ, ಹೀಗೆ ಏನೋ ನಂಟು ಇರುತ್ತದೆ. ಫ್ರೆಡ್ ಅವರ ಊರು ಸಿಗದಿದ್ದರೂ ಆ ಸಾಕ್ಷಿಯ ಊರು ಸಿಕ್ಕರೆ ಅಲ್ಲಿಗೆ ಹೋಗಿ ನೋಡಿ. ಜರ್ಮನ್ನರು ಒಬ್ಬೊಬ್ಬರೇ ಬರುತ್ತಿರಲಿಲ್ಲ, ಊರಿಗೆ ಊರೇ ಒಬ್ಬರ ಹಿಂದೆ ಒಬ್ಬರು ಬರುತ್ತಿತ್ತು.

ಜರ್ಮನ್ ಪತ್ರಿಕೆಗಳನ್ನೂ ನೋಡಿ. ಸಿನ್ಸಿನಾಟಿಯಲ್ಲಿ ಫೋಕ್ಸ್‌ಬ್ಲಾಟ್‌ನಂಥ ಜರ್ಮನ್ ದಿನಪತ್ರಿಕೆಗಳಿದ್ದವು. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಾಲಿನ ಮರಣವಾರ್ತೆ ಇದ್ದರೆ ಜರ್ಮನ್ ಪತ್ರಿಕೆಯಲ್ಲಿ ಹುಟ್ಟೂರಿನ ಸಮೇತ ಇರುತ್ತಿತ್ತು.

ಇದೆಲ್ಲ ಆದ ಮೇಲೆ ಹಡಗಿನ ಪಟ್ಟಿ. 1882 ಜರ್ಮನ್ನರು ಅತಿ ಹೆಚ್ಚು ಬಂದ ವರ್ಷ. ಆ ಒಂದೇ ವರ್ಷ ಸುಮಾರು ಎರಡೂವರೆ ಲಕ್ಷ ಜನ ಅಮೆರಿಕಕ್ಕೆ ಬಂದರು. ಸುಮ್ನೆ ತ್ಸಿಮ್ಮರ್‌ಮಾನ್ ಎಂದು ಹುಡುಕಿದರೆ ನಿಮಗೆ ಆದ ಗತಿಯೇ ಆಗುತ್ತದೆ. ಹೆಂಡತಿ ಮಕ್ಕಳ ಹೆಸರು, ವಯಸ್ಸು ಕೈಯಲ್ಲಿದ್ದರೆ ಮಾತ್ರ ಗುರುತು ಹಿಡಿಯಬಹುದು. ಹ್ಯಾಂಬರ್ಗ್‌ನಿಂದ ಹೊರಟಿದ್ದರೆ ಅದೃಷ್ಟ ನಿಮ್ಮದು. 1850ರಿಂದ 1934ರವರೆಗಿನ ಹ್ಯಾಂಬರ್ಗ್ ಪಟ್ಟಿಗಳು ಉಳಿದಿವೆ, ಅವುಗಳಲ್ಲಿ ಕೊನೆಗೆ ವಾಸವಿದ್ದ ಊರೂ ಇರುತ್ತದೆ. ಬ್ರೆಮೆನ್‌ನಿಂದ ಹೊರಟಿದ್ದರೆ ಕಷ್ಟ. ಅಲ್ಲಿನವರು ಜಾಗ ಇಲ್ಲ ಎಂದು ಮೂರು ವರ್ಷಕ್ಕಿಂತ ಹಳೆಯ ಪಟ್ಟಿಗಳನ್ನು ನಾಶ ಮಾಡುತ್ತಿದ್ದರು! ಮಿಕ್ಕದ್ದರಲ್ಲಿ ಹೆಚ್ಚಿನದು ಎರಡನೇ ಮಹಾಯುದ್ಧದಲ್ಲಿ ಹೋಯಿತು. ಆಗ ಅಮೆರಿಕದ ಬಂದರಿನಲ್ಲಿ ಉಳಿದ ಪ್ರತಿಯೇ ಗತಿ, ಅದರಲ್ಲಿ ಊರು ಇರುವುದು ಕಡಿಮೆ.

ಹುಡುಕುವಾಗ ಮೂರು ಕಡೆ ಎಡವುತ್ತೀರಿ. ಮೊದಲನೆಯದು ಅವರ ಹೆಸರೇ. ಫ್ರೆಡ್ ಎಂದರೆ ಫ್ರೀಡ್ರಿಖ್, ಸರಿ. ಆದರೆ ಚರ್ಚಿನಲ್ಲಿ ಅವರು ಯೋಹಾನ್ ಫ್ರೀಡ್ರಿಖ್ ಇರಬಹುದು, ಕಾರ್ಲ್ ಫ್ರೀಡ್ರಿಖ್ ಇರಬಹುದು. ಒಂದು ಮನೆಯ ನಾಲ್ಕು ಗಂಡುಮಕ್ಕಳೂ ಯೋಹಾನ್ ಆಗಿರುವುದುಂಟು. ಕರೆಯುತ್ತಿದ್ದದ್ದು ಎರಡನೇ ಹೆಸರಿನಿಂದ. ಎರಡನೆಯದು ಕಂಪ್ಯೂಟರಿನ ಸೂಚಿ. ತಾಣಗಳು ಬಳಸುವ ಸೌಂಡೆಕ್ಸ್ ಪದ್ಧತಿ ಹೋಲುವ ಹೆಸರುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಆದರೆ ಮೊದಲ ಅಕ್ಷರವನ್ನು ಮುಟ್ಟುವುದಿಲ್ಲ. ಷ್ಮಿಟ್ ಹುಡುಕಿದರೆ ಸ್ಮಿತ್ ಸಿಗುತ್ತದೆ, ಏಕೆಂದರೆ ಎರಡಕ್ಕೂ ಮೊದಲು ಎಸ್. ತ್ಸಿಮ್ಮರ್‌ಮಾನ್‌ನ ಮೊದಲ ಅಕ್ಷರ ಜೆಡ್. ಇಂಗ್ಲಿಷ್ ಗುಮಾಸ್ತ ಅದನ್ನು ಎಸ್, ಸಿ, ಟಿ ಯಾವುದರಲ್ಲಾದರೂ ಬರೆದಿರಬಹುದು. ಆಗ ಸೂಚಿ ಕೈಕೊಡುತ್ತದೆ. ಮೊದಲ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ಅದಕ್ಕೆ ಅವಕಾಶ ಇಲ್ಲದ ಕಡೆ ಹೆಸರೇ ಬಿಟ್ಟು ವಯಸ್ಸು, ವಾರ್ಡು, ಹುಟ್ಟಿದ ದೇಶ ಇಷ್ಟರಿಂದ ಹುಡುಕಿ. ಮೂರನೆಯದು ಕುರೆಂಟ್ ಎನ್ನುವ ಹಳೆಯ ಜರ್ಮನ್ ಕೈಬರಹ. ಅದರಲ್ಲಿ ಇ ಅಕ್ಷರ ಎನ್‌ನಂತೆ ಕಾಣುತ್ತದೆ, ಯು ಮೇಲೆ ಒಂದು ಕೊಂಡಿ ಇರುತ್ತದೆ. ಗೊತ್ತಿಲ್ಲದವರು ಸೂಚಿ ಮಾಡಿದರೆ ಹೆಸರು ಏನೇನೋ ಆಗುತ್ತದೆ. ಸ್ವಲ್ಪ ದಿನ ಕೂತು ಆ ಅಕ್ಷರಮಾಲೆ ಕಲಿಯಿರಿ. ಮೋಡಿ ಲಿಪಿಯ ಹಳೆ ಕಾಗದ ಓದುವವರನ್ನು ನೋಡಿದ್ದರೆ, ಇದು ಅಷ್ಟು ಕಷ್ಟವಲ್ಲ ಅನ್ನಿಸುತ್ತದೆ.

ಪ್ರಷ್ಯಾ ಎನ್ನುವ ಸುಳಿವಿನಿಂದ ಏನು ಗೊತ್ತಾಗುತ್ತದೆ? ತುಂಬಾ ಕಡಿಮೆ. 1882ರಲ್ಲಿ ಪ್ರಷ್ಯಾ ಎಂದರೆ ಪಶ್ಚಿಮದ ಆಖೆನ್‌ನಿಂದ ಇವತ್ತು ಲಿಥುವೇನಿಯಾದಲ್ಲಿರುವ ಮೆಮೆಲ್‌ವರೆಗೆ. 1866ರ ಯುದ್ಧದ ನಂತರ ಹ್ಯಾನೋವರ್, ನಾಸೌ, ಹೆಸ್ಸೆಯ ಒಂದು ಭಾಗ ಎಲ್ಲ ಅದರೊಳಗೆ ಸೇರಿದ್ದವು. ಪೊಮೆರೇನಿಯ, ಸಿಲೇಷಿಯ, ಪೋಸೆನ್ ಕಡೆಯವರಾದರೆ ಊರು ಹೆಚ್ಚಾಗಿ ಈಗ ಪೋಲೆಂಡ್‌ನಲ್ಲಿದೆ, ಹೆಸರೂ ಬೇರೆ. ಬವೇರಿಯಾ, ಬಾಡನ್, ವ್ಯುರ್ಟೆಂಬರ್ಗ್ ಅಲ್ಲ ಎಂದಷ್ಟೇ ಹೇಳಬಹುದು.

ಹಳ್ಳಿಯ ಹೆಸರು ಸಿಕ್ಕಿದ ದಿನದಿಂದ ಕೆಲಸ ಬೇರೆಯೇ ಥರ. ಜರ್ಮನಿಯಲ್ಲಿ ದೇಶಕ್ಕೆಲ್ಲ ಒಂದು ಸೂಚಿ ಇಲ್ಲ, ಎಲ್ಲವೂ ಊರಿನ ಲೆಕ್ಕ. ಒಂದೇ ಹೆಸರಿನ ಊರುಗಳು ಹತ್ತಾರು ಇರುತ್ತವೆ. 1912ರ ಮೇಯರ್ಸ್ ಸ್ಥಳನಾಮ ಕೋಶ ಆನ್‌ಲೈನ್‌ನಲ್ಲಿ ಉಚಿತವಾಗಿದೆ. ಯಾವ ಹಳ್ಳಿಗೆ ಯಾವ ನೋಂದಣಿ ಕಚೇರಿ, ಹತ್ತಿರದ ಚರ್ಚು ಯಾವುದು ಎಂದು ಅದು ಹೇಳುತ್ತದೆ. ಪ್ರಷ್ಯಾದಲ್ಲಿ ಸರಕಾರಿ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್‌ನಲ್ಲಿ. ಫ್ರೆಡ್ ಹುಟ್ಟಿದ್ದು ಅದಕ್ಕೂ ಮೊದಲು ಇರಬೇಕು, ಹಾಗಾಗಿ ಚರ್ಚಿನ ಪುಸ್ತಕವೇ ಬೇಕು. ಪ್ರೊಟೆಸ್ಟೆಂಟ್ ಪುಸ್ತಕಗಳು ಆರ್ಖಿಯಾನ್ ತಾಣದಲ್ಲಿ ಹಣ ಕೊಟ್ಟರೆ ಸಿಗುತ್ತವೆ, ಕ್ಯಾಥೊಲಿಕ್ ಪುಸ್ತಕಗಳು ಮ್ಯಾಟ್ರಿಕುಲಾದಲ್ಲಿ ಪುಕ್ಕಟೆ. ಎಲ್ಲ ಊರಿನವೂ ಇಲ್ಲ. ಇಲ್ಲದಿದ್ದರೆ ಆ ಚರ್ಚಿನ ಸಂಗ್ರಹಾಲಯಕ್ಕೆ ಬರೆಯಬೇಕು. ಊರು ಸಿಗದೆ ಅಪರೂಪದ ಹೆಸರು ಮಾತ್ರ ಸಿಕ್ಕಿದವರಿಗೆ ಇನ್ನೊಂದು ದಾರಿ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ ಜರ್ಮನ್ ಸೈನಿಕರ ಪಟ್ಟಿಯನ್ನು ಅಲ್ಲಿನ ಸ್ವಯಂಸೇವಕರು ಸೂಚಿ ಮಾಡಿದ್ದಾರೆ. 80 ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಒಂದು ಹೆಸರು ಯಾವ ಜಿಲ್ಲೆಯಲ್ಲಿ ಗುಂಪಾಗಿದೆ ಎಂದು ಅದರಿಂದ ಗೊತ್ತಾಗುತ್ತದೆ. ತ್ಸಿಮ್ಮರ್‌ಮಾನ್‌ಗೆ ಇದು ಉಪಯೋಗವಿಲ್ಲ, ಎಲ್ಲ ಕಡೆಯೂ ಇದ್ದಾರೆ. ಆದರೆ ಫ್ರೆಡ್ ಅವರ ಹೆಂಡತಿಯ ತವರಿನ ಹೆಸರು ಅಪರೂಪದ್ದಾದರೆ ಇಲ್ಲಿ ಖಂಡಿತ ಹಾಕಿ ನೋಡಿ.

ಜರ್ಮನಿಯಲ್ಲೇ ಹೆಸರು ಬದಲಾಗಿರುವುದೂ ಉಂಟು. ವೆಸ್ಟ್‌ಫಾಲಿಯ, ಲಿಪ್ಪೆ ಕಡೆ ಹೆಸರು ಜಮೀನಿಗೆ ಅಂಟಿಕೊಂಡಿತ್ತು, ರಕ್ತಕ್ಕಲ್ಲ. ಜಮೀನಿನ ವಾರಸುದಾರಳನ್ನು ಮದುವೆಯಾಗಿ ಬಂದ ಮನೆಅಳಿಯ ಆ ಜಮೀನಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ದಾಖಲೆಯಲ್ಲಿ ಎರಡು ಹೆಸರಿನ ನಡುವೆ 'ಗೆನಾಂಟ್' ಎಂದಿರುತ್ತದೆ, 'ಎಂದು ಕರೆಯುವ' ಅಂತ. ವಾಯವ್ಯದ ಓಸ್ಟ್‌ಫ್ರೀಸ್‌ಲ್ಯಾಂಡ್‌ನಲ್ಲಿ ಮನೆತನದ ಹೆಸರೇ ಇರಲಿಲ್ಲ, ಅಪ್ಪನ ಹೆಸರೇ ಮಗನ ಹೆಸರಿನ ಹಿಂದೆ ಬರುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಡಳಿತ ಎಲ್ಲರೂ ಖಾಯಂ ಹೆಸರು ಇಟ್ಟುಕೊಳ್ಳಬೇಕು ಎಂದು ಆಜ್ಞೆ ಮಾಡಿತು. ನಮ್ಮ ನಿಘಂಟಿನ ಕಿಟ್ಟೆಲ್ ಹುಟ್ಟಿದ್ದು ಅದೇ ಸೀಮೆಯ ರೆಸ್ಟರ್‌ಹಾಫೆಯಲ್ಲಿ, 1832ರಲ್ಲಿ. ಆ ಕಡೆಯ ವಂಶಾವಳಿ ಒಬ್ಬ ಕನ್ನಡಿಗನಿಗೆ ಅರ್ಥವಾದಷ್ಟು ಬೇಗ ಅಮೆರಿಕನ್ನರಿಗೆ ಅರ್ಥವಾಗುವುದಿಲ್ಲ. ಇನಿಶಿಯಲ್ ಇಟ್ಟುಕೊಂಡು ಪಾಸ್‌ಪೋರ್ಟ್ ಅರ್ಜಿ ತುಂಬಿದವರಿಗೆ 'ಸರ್‌ನೇಮ್' ಕಾಲಂ ಎಂಥ ಫಜೀತಿ ಎಂದು ಗೊತ್ತು.

ಡಿಎನ್‌ಎ ಪರೀಕ್ಷೆ ಮಾಡಿಸಬಹುದು, ಆದರೆ ಗಂಡನ ಬದಲು ಮಾವನವರದ್ದು ಮಾಡಿಸಿ, ಅವರು ಒಪ್ಪಿದರೆ. ನಿಮ್ಮ ಗಂಡನಲ್ಲಿ ಫ್ರೆಡ್ ಅವರ ಪಾಲು ಸರಾಸರಿ ನೂರಕ್ಕೆ 6, ಮಾವನವರಲ್ಲಿ 12. ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಕಡಿಮೆ. ಆದ್ದರಿಂದ ಅಲ್ಲಿಯ ನೆಂಟರಿಗಿಂತ ಅಮೆರಿಕದಲ್ಲೇ ಬೇರೆ ಹೆಸರಿನಲ್ಲಿರುವ ನೆಂಟರು ಸಿಗುವ ಸಾಧ್ಯತೆ ಜಾಸ್ತಿ. ಅವರಲ್ಲಿ ಒಬ್ಬರ ಮನೆಯಲ್ಲಿ ಹಳೆಯ ಬೈಬಲ್ ಇದ್ದು, ಅದರ ಮೊದಲ ಪುಟದಲ್ಲಿ ಊರು ಬರೆದಿದ್ದರೆ ಇಷ್ಟೆಲ್ಲ ಓಡಾಟವೇ ಬೇಡ.

ಪಾಸ್‌ಪೋರ್ಟ್ ವಿಷಯ: ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. 1871ರಿಂದ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ, ಹತ್ತು ವರ್ಷ ಸತತವಾಗಿ ಹೊರದೇಶದಲ್ಲಿದ್ದವರು ರಾಯಭಾರ ಕಚೇರಿಯ ಪಟ್ಟಿಯಲ್ಲಿ ಹೆಸರು ಬರೆಸದಿದ್ದರೆ ಜರ್ಮನ್ ಪೌರತ್ವ ಕಳೆದುಕೊಳ್ಳುತ್ತಿದ್ದರು. ಈ ನಿಯಮ ಹೋದದ್ದು 1914ರ ಜನವರಿಯಲ್ಲಿ. 1882ರಲ್ಲಿ ಬಂದವರು 1892ಕ್ಕೇ ಅದನ್ನು ಕಳೆದುಕೊಂಡಿರುತ್ತಾರೆ, ಆಮೇಲೆ ಹುಟ್ಟಿದ ಮಕ್ಕಳಿಗೆ ದಾಟಿಸಲು ಅವರ ಹತ್ತಿರ ಏನೂ ಉಳಿದಿರುವುದಿಲ್ಲ. ಮಗ ಅದಕ್ಕೂ ಮೊದಲು ಹುಟ್ಟಿದ್ದರೂ, ಅಪ್ಪನ ಮನೆಯಲ್ಲೇ ಬೆಳೆಯುತ್ತಿದ್ದ ಚಿಕ್ಕ ಮಕ್ಕಳ ಪೌರತ್ವ ಅಪ್ಪನದ್ದರ ಜೊತೆಗೇ ಹೋಗುತ್ತಿತ್ತು. ಅವರು ಆ ಪಟ್ಟಿಯಲ್ಲಿ ಹೆಸರು ಬರೆಸಿದ್ದ ಕಾಗದ ನಿಮ್ಮ ಮನೆಯಲ್ಲಿದ್ದರೆ ಮಾತ್ರ ವಕೀಲರನ್ನು ಕೇಳಿ.